ಅತ್ತೆಯ ಕಂಕುಳಲ್ಲಿ ಉಲ್ಲನ್ ಉಂಡೆ

ನರ್ಸಿಂಗ್ ಕಾಲೇಜಿನಲ್ಲಿ ಅವಳಿಗೆ ‘ಇನ್ನೊಂದ್ಸಲ ಮೇಡಂ’ ಎಂದೇ ಹೆಸರು. ಚಾದರದ ಮೂಲೆ ಮಡಿಸಿ ತೋರಿಸಿದರೆ ‘ಇನ್ನೊಂದ್ಸಲ’. ಕೈ ತೊಳೆದು ಬಂದರೆ ಬೆರಳ ಸಂದಿ ನೋಡಿ ‘ಇನ್ನೊಂದ್ಸಲ’. ವಿದ್ಯಾರ್ಥಿಗಳು ಬೆನ್ನ ಹಿಂದೆ ಅಣಕಿಸಿ ನಗುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಆದರೆ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಮೊದಲು ಅವಳೂ ವಾರ್ಡಿನ ನರ್ಸೇ. ಒಂದು ದಿನ ದಢೂತಿ ರೋಗಿಯೊಬ್ಬನನ್ನು ಮಂಚದಿಂದ ಕುರ್ಚಿಗೆ ದಾಟಿಸುವಾಗ ಸೊಂಟ ಹಿಡಿದುಕೊಂಡಿತು, ಹಿಡಿದದ್ದು ಬಿಡಲೇ ಇಲ್ಲ. ರೋಗಿ ಆರಾಮಾಗಿ ಮನೆಗೆ ಹೋದ, ಇವಳು ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಕಾಲೇಜಿಗೆ ಬಂದಳು. ವಾರ್ಡಿಗೆ ಹೋಗುವ ಮುಂಚೆ ವಿದ್ಯಾರ್ಥಿಗಳ ಕೈ ಪಳಗಿಸುವುದು ಅವಳ ಪಾಲಿನ ಕೆಲಸವಾಯಿತು.

ಆ ವರ್ಷದ ತಂಡ ಸಾಮಾನ್ಯದ್ದಲ್ಲ. ಎಲ್ಲರೂ ಒಂದೊಂದು ಡಿಗ್ರಿ ಮುಗಿಸಿ ಆಮೇಲೆ ನರ್ಸಿಂಗಿಗೆ ಬಂದವರು. ಒಬ್ಬ ಇತಿಹಾಸ ಓದಿದ್ದ, ಇನ್ನೊಬ್ಬಳು ವಾಣಿಜ್ಯ. ಗಣಿತದಲ್ಲಿ ಮೊದಲ ದರ್ಜೆ ತೆಗೆದ ಒಬ್ಬಳಿದ್ದಳು, ಅವಳನ್ನು ಎಲ್ಲರೂ ‘ಲೆಕ್ಕದಮ್ಮ’ ಎನ್ನುತ್ತಿದ್ದರು. ಪ್ರಶ್ನೆ ಕೇಳಿ ಮುಗಿಯುವ ಮೊದಲೇ ಅವಳ ಬಾಯಲ್ಲಿ ಉತ್ತರ ಸಿದ್ಧ. ಉತ್ತರ ಬರೆಯದೆ ಖಾಲಿ ಬಿಟ್ಟ ಪ್ರಶ್ನೆ ಅವಳ ಜನ್ಮದಲ್ಲೇ ಇರಲಿಲ್ಲ.

ಲ್ಯಾಬಿನ ಮಂಚದ ಮೇಲೆ ಒಂದು ರಬ್ಬರ್ ಗೊಂಬೆ ಮಲಗಿರುತ್ತಿತ್ತು. ಅದಕ್ಕೆ ತಂಡದವರು ‘ದೊಡ್ಡಪ್ಪ’ ಎಂದು ಹೆಸರಿಟ್ಟಿದ್ದರು. ದೊಡ್ಡಪ್ಪನಂಥ ಒಳ್ಳೆಯ ರೋಗಿ ಭೂಮಿಯ ಮೇಲಿಲ್ಲ. ಸೂಜಿ ಚುಚ್ಚಿದರೆ ಕೂಗುವುದಿಲ್ಲ, ನೆಂಟರನ್ನು ಕರೆಸಿ ಜಗಳ ಮಾಡಿಸುವುದಿಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ಬೆಡ್‌ಪ್ಯಾನ್ ಕೇಳುವುದಿಲ್ಲ. ಪಾಪ, ಅವನಿಗೆ ನಾಡಿ ಒಂದಿರಲಿಲ್ಲ, ಅಷ್ಟೇ. ಹಾಗಾಗಿ ನಾಡಿ ನೋಡುವ ಪಾಠ ಹೀಗೆ ನಡೆಯುತ್ತಿತ್ತು: ಮಣಿಕಟ್ಟಿನ ಮೇಲೆ ಸರಿಯಾದ ಜಾಗದಲ್ಲಿ ಬೆರಳಿಡಬೇಕು, ಗಡಿಯಾರ ನೋಡಬೇಕು, ನಿಮಿಷ ಕಳೆದ ಮೇಲೆ ಒಂದು ಸಂಖ್ಯೆ ಹೇಳಬೇಕು. ಏನೋ ಒಂದು ಹೇಳಬೇಕಲ್ಲ ಎಂದು ಎಲ್ಲರೂ ‘ಎಪ್ಪತ್ತೆರಡು’ ಎನ್ನುತ್ತಿದ್ದರು. ಮೇಡಂ ಬೆರಳಿಟ್ಟ ಜಾಗ ನೋಡಿ ತಲೆಯಾಡಿಸಿ ಮುಂದಿನವರನ್ನು ಕರೆಯುತ್ತಿದ್ದಳು.

ಅದರ ಫಲ ವಾರ್ಡಿನಲ್ಲಿ ಸಿಕ್ಕಿತು. ಮೊದಲ ದಿನವೇ ಮೇಟ್ರನ್ ಲೆಕ್ಕದಮ್ಮನನ್ನು ಜ್ವರದಿಂದ ನಡುಗುತ್ತಿದ್ದ ಒಬ್ಬ ಹೆಂಗಸಿನ ಬಳಿ ನಿಲ್ಲಿಸಿ ನಾಡಿ ನೋಡಲು ಹೇಳಿದರು. ಈ ಮೇಟ್ರನ್ ಎಂದರೆ ಇಡೀ ಆಸ್ಪತ್ರೆಯ ನರ್ಸುಗಳ ಯಜಮಾನಿ, ಕೋಪ ಮೂಗಿನ ತುದಿಯಲ್ಲೇ. ಲೆಕ್ಕದಮ್ಮ ಬೆರಳಿಟ್ಟಳು, ಗಡಿಯಾರ ನೋಡಿದಳು, ಹೆದರಿಕೆಗೆ ಬೆರಳ ತುದಿಯಲ್ಲಿ ಏನೂ ತಿಳಿಯಲಿಲ್ಲ. ಆದರೂ ಗಂಟಲಿನಿಂದ ಅದೇ ಮಾತು ಹೊರಬಿತ್ತು.

“ಎಪ್ಪತ್ತೆರಡು, ಸಿಸ್ಟರ್.”

ಮೇಟ್ರನ್ ತಾವೇ ಬೆರಳಿಟ್ಟರು. ನಾಡಿ ನೂರಿಪ್ಪತ್ತು ದಾಟಿ ಓಡುತ್ತಿತ್ತು. ಅವರು ಉಳಿದವರನ್ನೂ ಬೇರೆ ಬೇರೆ ರೋಗಿಗಳ ಹತ್ತಿರ ನಿಲ್ಲಿಸಿ ಕೇಳಿದರು. ಅಲ್ಲಿ ಎಪ್ಪತ್ತೆರಡು, ಇಲ್ಲಿ ಎಪ್ಪತ್ತೆರಡು, ಬಾಗಿಲ ಪಕ್ಕದ ಹಾಸಿಗೆಯಲ್ಲೂ ಎಪ್ಪತ್ತೆರಡು.

“ಗೊಂಬೆಯಾಟ ಆಡೋಕೆ ನಮ್ಮ ವಾರ್ಡೇ ಬೇಕಾಗಿತ್ತಾ ನಿಮಗೆ?” ಎಂದರು ಮೇಟ್ರನ್. ಜೊತೆಗೆ ಬಂದಿದ್ದ ಮೇಡಂ ಕಡೆ ತಿರುಗಿ, “ಎಲ್ಲರನ್ನೂ ಕರ್ಕೊಂಡು ಹೋಗಿ. ಒಂದು ತಿಂಗಳಾದ ಮೇಲೆ ಒಂದೇ ಒಂದು ಸಲ ನೋಡ್ತೀನಿ. ಆಗಲೂ ಹೀಗೇ ಆದ್ರೆ ಈ ವರ್ಷ ನಮ್ಮ ಬಾಗಿಲು ನಿಮಗಿಲ್ಲ.”

ವಾರ್ಡಿನ ತರಬೇತಿ ಇಲ್ಲದೆ ಪರೀಕ್ಷೆಗೆ ಕೂರುವಂತಿಲ್ಲ. ಹತ್ತಿರದಲ್ಲಿ ಬೇರೆ ದೊಡ್ಡ ಆಸ್ಪತ್ರೆಯೂ ಇಲ್ಲ. ಒಂದಿಡೀ ತಂಡದ ಒಂದಿಡೀ ವರ್ಷ ಮಣ್ಣುಪಾಲಾಗುವ ಹಾಗಿತ್ತು. ಇಂಗು ತಿಂದ ಮಂಗಗಳಂತೆ ಎಲ್ಲರೂ ಕಾಲೇಜಿನ ಬಸ್ಸು ಹತ್ತಿದರು. ಲೆಕ್ಕದಮ್ಮ ಕಿಟಕಿಗೆ ಹಣೆ ಒತ್ತಿ ಸದ್ದಿಲ್ಲದೆ ಅಳುತ್ತಿದ್ದಳು. ಮೇಡಂಗೆ ಸೊಂಟಕ್ಕಿಂತ ಎದೆಯೇ ಹೆಚ್ಚು ನೋಯುತ್ತಿತ್ತು. ಸುಳ್ಳು ಹೇಳಿದವರು ಮಕ್ಕಳು, ನಿಜ. ಆ ಸುಳ್ಳಿಗೆ ದಿನವೂ ತಲೆಯಾಡಿಸಿ ಅಂಕ ಕೊಟ್ಟವಳು ತಾನೇ ಅಲ್ಲವೇ?

ಮನೆಯಲ್ಲಿ ಅತ್ತೆ ಸೋಫಾದ ಮೂಲೆಯಲ್ಲಿ ಕೂತು ಸ್ವೆಟರ್ ಹೆಣೆಯುತ್ತಿದ್ದರು. ಆ ಸ್ವೆಟರ್ ಮಗನಿಗೆ. ಮಗ ರೈಲಿನ ಗಾರ್ಡು, ಮನೆಯಲ್ಲಿ ಇರುವುದಕ್ಕಿಂತ ಹಳಿಯ ಮೇಲೆ ಇರುವುದೇ ಹೆಚ್ಚು. ಹಾಗಾಗಿ ಮನೆಯೊಳಗೆ ಅತ್ತೆ ಸೊಸೆ ಇಬ್ಬರೇ, ಮಾತಿಗೂ ಇಬ್ಬರೇ, ಜಗಳಕ್ಕೂ ಇಬ್ಬರೇ. ಅತ್ತೆಯ ನಾಲಿಗೆಗೆ ಬ್ರೇಕ್ ಇರಲಿಲ್ಲ, ಸೊಸೆಯ ಹಟಕ್ಕೂ ಇರಲಿಲ್ಲ. ಆದರೂ ಒಬ್ಬರನ್ನು ಬಿಟ್ಟು ಇನ್ನೊಬ್ಬರಿಗೆ ಟೀ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಸೊಸೆ ನಡೆದದ್ದನ್ನೆಲ್ಲ ಹೇಳಿದಳು. ಅತ್ತೆ ಸೂಜಿ ನಿಲ್ಲಿಸದೆ ಕೇಳಿದರು.

“ಅಲ್ಲ ಕಣೇ, ಜೀವ ಇಲ್ಲದ್ದರ ನಾಡಿ ಹಿಡಿಸಿದ್ರೆ ಇನ್ನೇನಾಗುತ್ತೆ? ಜೀವ ಇರೋರು ಯಾರೂ ಸಿಗಲಿಲ್ವಾ ನಿಂಗೆ?”

“ದಿನಾ ಬಂದು ಮಂಚದ ಮೇಲೆ ಮಲಗೋರು ಯಾರಿದ್ದಾರೆ ಅತ್ತೆ?”

“ಯಾಕೆ, ನಾನು ಸತ್ತಿದ್ದೀನಾ?”

ಸೊಸೆ ಕಣ್ಣರಳಿಸಿದಳು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಮ್ಮನೆ ಅಲ್ಲ. ಇಷ್ಟು ದಿನ ಎದುರಿಗೇ ಕೂತಿದ್ದ ಮದ್ದು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಅತ್ತೆಯ ಮಡಿಲಲ್ಲಿದ್ದ ನೀಲಿ ಉಲ್ಲನ್ ಉಂಡೆಯನ್ನು ಕಂಡಾಗ ಇನ್ನೊಂದು ಯೋಚನೆಯೂ ಹೊಳೆಯಿತು. ಉಂಡೆಯನ್ನು ಕಂಕುಳಲ್ಲಿಟ್ಟು ತೋಳನ್ನು ಬಿಗಿಯಾಗಿ ಒತ್ತಿದರೆ ರಕ್ತದ ಓಟ ತಡೆದು ಮಣಿಕಟ್ಟಿನ ನಾಡಿ ಸ್ವಲ್ಪ ಹೊತ್ತು ಮಾಯವಾಗುತ್ತದೆ. ವಾರ್ಡಿನಲ್ಲಿದ್ದಾಗ ಗೆಳತಿಯರು ಒಬ್ಬರನ್ನೊಬ್ಬರು ಹೆದರಿಸಲು ಮಾಡುತ್ತಿದ್ದ ತುಂಟಾಟ ಅದು.

ಮರುದಿನ ದೊಡ್ಡಪ್ಪ ಮೂಲೆ ಸೇರಿದ. ಅವನ ಮಂಚದ ಮೇಲೆ ಅತ್ತೆ ಕುತ್ತಿಗೆತನಕ ಚಾದರ ಹೊದ್ದು ಮಹಾರಾಣಿಯ ಹಾಗೆ ಮಲಗಿದರು. ಮೊದಲನೆಯವನಿಗೇ ಮಂಗಳಾರತಿಯಾಯಿತು.

“ಏನಪ್ಪಾ, ಬಂದವನೇ ಕೈ ಹಿಡ್ಕೊಂಡ್ಯಲ್ಲ! ನೀನ್ಯಾರು ಅಂತ ಹೇಳೋದು ಬೇಡ್ವಾ? ನಾನೇನು ಬಸ್ಸಿನ ಕಂಬೀನಾ?”

ಹೆಸರು ಹೇಳುವುದು, ಏನು ಮಾಡುತ್ತೇನೆಂದು ತಿಳಿಸುವುದು, ಮುಟ್ಟುವ ಮುಂಚೆ ಕೈ ಬೆಚ್ಚಗೆ ಮಾಡಿಕೊಳ್ಳುವುದು, ಎಲ್ಲವನ್ನೂ ಅತ್ತೆ ಬೈದು ಬೈದೇ ಕಲಿಸಿದರು. ನಾಡಿಯ ಸರದಿ ಬಂದಾಗ ಕಂಕುಳಲ್ಲಿ ಉಂಡೆ ಒತ್ತಿದರು. ಇತಿಹಾಸದವನು ಬೆರಳಿಟ್ಟು ಬೆವರಿ “ಎಪ್ಪತ್ನಾಲ್ಕು” ಎಂದ. ವಾಣಿಜ್ಯದವಳು “ಎಂಬತ್ತು” ಎಂದಳು. ಲೆಕ್ಕದಮ್ಮ ಕಣ್ಣು ಮುಚ್ಚಿ, ತುಟಿ ಕಚ್ಚಿ “ಎಪ್ಪತ್ತಾರು” ಎಂದಳು. ಒಂದು ಸಲ ಅವಮಾನವಾಗಿತ್ತು ನೋಡಿ, ಅದಕ್ಕೆ ಈಗ ಎಪ್ಪತ್ತೆರಡನ್ನು ಮಾತ್ರ ಕೈಬಿಟ್ಟಿದ್ದಳು.

ಅತ್ತೆ ಚಾದರ ಸರಿಸಿ ಉಂಡೆ ಎತ್ತಿ ತೋರಿಸಿದರು. “ಇಲ್ಲದ ನಾಡಿಗೆ ಎಷ್ಟೊಂದು ಲೆಕ್ಕ!”

ಮೇಡಂ ಕರಿಹಲಗೆಯ ಮುಂದೆ ನಿಂತಳು.

“ಇವತ್ತಿಂದ ನಿಮ್ಮ ಬಾಯಲ್ಲಿ ಒಂದು ಮಾತು ಇರಬೇಕು. ‘ಸಿಗ್ತಿಲ್ಲ, ಬಂದು ನೋಡಿ.’ ಸಿಗದೇ ಇದ್ದಾಗ ಸಿಗ್ತಿಲ್ಲ ಅಂದೋರಿಗೆ ಪೂರ್ತಿ ಅಂಕ.”

ಅಂಕ ಎಂದ ಮೇಲೆ ಕೇಳಬೇಕೆ! ಮರುದಿನ ಅತ್ತೆ ಉಂಡೆ ಇಲ್ಲದೆ ಸುಮ್ಮನೆ ಮಲಗಿದ್ದರೂ ಬಂದವರೆಲ್ಲ ಒಬ್ಬರ ಹಿಂದೊಬ್ಬರು “ಸಿಗ್ತಿಲ್ಲ ಮೇಡಂ, ಬಂದು ನೋಡಿ” ಎಂದರು. ಅತ್ತೆ ಎದ್ದು ಕೂತರು.

“ಏನ್ರೋ, ಎಲ್ಲರೂ ಸೇರಿ ನನ್ನನ್ನ ಹೊರಗೆ ಸಾಗಿಸೋ ಅಂದಾಜಿದ್ಯಾ?”

ನಗು ತಡೆಯಲಾರದೆ ಮೇಡಂ ಬಾಗಿಲ ಹೊರಗೆ ಹೋಗಿ ನಿಂತಳು. ನಗುವಿನ ಹಿಂದೆಯೇ ಹೆದರಿಕೆಯೂ ಬಂತು. ಅಂಕಕ್ಕಾಗಿ ಹೇಳುವ ‘ಸಿಗ್ತಿಲ್ಲ’ವೂ ಎಪ್ಪತ್ತೆರಡರ ತಂಗಿಯೇ. ಒಳಗೆ ಬಂದು ಅಂಕದ ಮಾತನ್ನೇ ತೆಗೆದುಹಾಕಿದಳು. ಅಂದಿನಿಂದ ಅತ್ತೆ ಒಮ್ಮೆ ಉಂಡೆ ಒತ್ತುವರು, ಒಮ್ಮೆ ಬಿಡುವರು, ಒಮ್ಮೆ ಎಣಿಕೆಯ ನಡುವೆಯೇ ಒತ್ತಿ ಬೇಸ್ತು ಬೀಳಿಸುವರು. ಒಂದು ಕೈಯಲ್ಲಿ ಸಿಗದಿದ್ದರೆ ಇನ್ನೊಂದು ಕೈ ನೋಡಬೇಕು, ಎರಡನ್ನೂ ಹೋಲಿಸಬೇಕು, ಆಮೇಲೆ ಬಾಯಿ ಬಿಡಬೇಕು. ಕೈಯಾದ ಮೇಲೆ ಪಾದ. ಪಾದದ ನಾಡಿ ಹುಡುಕುವುದು ಕಷ್ಟ, ಅತ್ತೆಗೆ ಕಚಗುಳಿ ಬೇರೆ. ಲ್ಯಾಬಿನ ಸುತ್ತ ಮೇಡಂನ ಇನ್ನೊಂದ್ಸಲ, ಇನ್ನೊಂದ್ಸಲ ಕೇಳಿಸುತ್ತಲೇ ಇತ್ತು.

ಎಲ್ಲರಿಗಿಂತ ಕಷ್ಟಪಟ್ಟವಳು ಲೆಕ್ಕದಮ್ಮ. ಬೆರಳು ಬೇಗ ಕಲಿಯಿತು, ನಾಲಿಗೆ ಮಾತ್ರ ಒಪ್ಪಲಿಲ್ಲ. ಒಂದು ಸಂಜೆ ಎಲ್ಲರೂ ಹೋದ ಮೇಲೆ ಮೇಡಂ ಎದುರು ನಿಂತಳು.

“ಸಿಗ್ತಿಲ್ಲ ಅನ್ನೋಕೆ ಬಾಯೇ ಬರಲ್ಲ ಮೇಡಂ. ಫೇಲ್ ಆದ ಹಾಗೆ ಅನ್ಸುತ್ತೆ.”

“ಯಾರು ಫೇಲ್ ಆಗ್ತಾರೆ ಹೇಳು? ನೀನು ಸುಳ್ಳು ಹೇಳಿದ್ರೆ ಮಂಚದ ಮೇಲಿರೋರು ಫೇಲ್ ಆಗ್ತಾರೆ ಕಣಮ್ಮ. ಅವರಿಗೆ ಇನ್ನೊಂದು ಪರೀಕ್ಷೆ ಇರಲ್ಲ.”

ಅವಳು ಅತ್ತೆಯ ಮಂಚದ ಹತ್ತಿರ ಹೋದಳು. ಚಪ್ಪಲಿ ಹುಡುಕುತ್ತಿದ್ದ ಅತ್ತೆ ಮತ್ತೆ ಮಲಗಿ ಕೈ ಚಾಚಿದರು. ತುಂಬಾ ಹೊತ್ತಿನ ಮೇಲೆ ಸಣ್ಣ ದನಿ ಬಂತು: “ಸಿಗ್ತಿಲ್ಲ ಅಜ್ಜಿ.” ಅತ್ತೆ ಕಂಕುಳಿನಿಂದ ಉಂಡೆ ತೆಗೆದು ಅವಳ ಅಂಗೈಯಲ್ಲಿಟ್ಟರು.

ತಿಂಗಳು ಮುಗಿಯಿತು. ವಾರ್ಡಿನ ಬಾಗಿಲಲ್ಲೇ ಮೇಟ್ರನ್ ಮೇಡಂ ಅನ್ನು ತಡೆದರು.

“ನೀವು ಇಲ್ಲೇ ನಿಲ್ಲಿ. ಬಾಯಿ ಬಿಚ್ಚಬಾರದು, ಕಣ್ಸನ್ನೆನೂ ಮಾಡಬಾರದು.”

ಮೊದಮೊದಲು ಎಲ್ಲ ಸುಸೂತ್ರವಾಗಿ ನಡೆಯಿತು. ಇತಿಹಾಸದವನು ತನ್ನ ಪರಿಚಯ ಹೇಳಿಕೊಂಡು, ಕೈ ಉಜ್ಜಿ ಬೆಚ್ಚಗೆ ಮಾಡಿ ನಾಡಿ ಎಣಿಸಿದ, ಅದು ಮೇಟ್ರನ್ ಎಣಿಕೆಗೆ ಸರಿಹೊಂದಿತು. ವಾಣಿಜ್ಯದವಳೂ ಗೆದ್ದಳು. ಕೊನೆಗೆ ಉಳಿದವಳು ಲೆಕ್ಕದಮ್ಮ. ಮೇಟ್ರನ್ ಮರೆತಿರಲಿಲ್ಲ, ಬೇಕೆಂದೇ ಅವಳನ್ನು ಕೊನೆಗೆ ಇಟ್ಟುಕೊಂಡಿದ್ದರು. ಅವಳ ಪಾಲಿಗೆ ಬಂದವನು ಕಾಲು ಮುರಿದುಕೊಂಡ ಒಬ್ಬ ಬಸ್ ಡ್ರೈವರ್. ಹಿಂದಿನ ದಿನ ಪ್ಲಾಸ್ಟರ್ ಹಾಕಿದ್ದರು, ನಾಡಿ ನೋಡಲೆಂದು ಪಾದದ ಮೇಲೆ ಸಣ್ಣ ಕಿಟಕಿ ಬಿಟ್ಟಿದ್ದರು. ಬೆಳಿಗ್ಗೆ ವಾರ್ಡಿನ ನರ್ಸ್ ನೋಡಿದಾಗ ಎಲ್ಲ ಚೆನ್ನಾಗಿಯೇ ಇತ್ತು.

ಲೆಕ್ಕದಮ್ಮ ಬಗ್ಗಿ ಬೆರಳಿಟ್ಟಳು. ಸರಿಸಿ ಇಟ್ಟಳು. ಒಂದು ಕ್ಷಣ ಅವಳ ಕಣ್ಣು ಚಾದರದ ಸುತ್ತ ಓಡಿತು. ಯಾರಾದರೂ ಉಂಡೆ ಬಚ್ಚಿಟ್ಟಿದ್ದಾರೇನೋ ಎಂದು ಹುಡುಕುತ್ತಿದ್ದಾಳೆಂದು ಮೇಡಂಗೆ ತಿಳಿದುಹೋಯಿತು. ಹುಡುಗಿ ಇನ್ನೊಂದು ಕಾಲನ್ನು ಮುಟ್ಟಿದಳು, ಮತ್ತೆ ಈ ಕಾಲಿಗೆ ಬಂದಳು, ಕಾಲಿನ ಬೆರಳುಗಳನ್ನು ಒತ್ತಿ ನೋಡಿದಳು.

“ಏನಮ್ಮ, ಇದ್ಯಾ?” ಎಂದರು ಮೇಟ್ರನ್. “ಬೆಳಿಗ್ಗೆ ಚೆನ್ನಾಗೇ ಇತ್ತಲ್ಲ.”

ಇದೆ ಎಂದುಬಿಟ್ಟರೆ ಮುಗಿಯಿತು, ತಂಡಕ್ಕೆ ತಂಡವೇ ಪಾಸು. ಮೇಡಂ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನಾಲಿಗೆ ಹಲ್ಲಿಗೆ ಸಿಕ್ಕಿ ರಕ್ತದ ರುಚಿ ಬಂತು.

“ಸಿಗ್ತಿಲ್ಲ ಸಿಸ್ಟರ್,” ಎಂದಳು ಲೆಕ್ಕದಮ್ಮ. “ಆ ಕಾಲಲ್ಲಿ ಸಿಕ್ತು. ಈ ಕಾಲಲ್ಲಿ ಸಿಗ್ತಿಲ್ಲ, ಬೆರಳೂ ತಣ್ಣಗಿದೆ. ಬಂದು ನೋಡಿ.”

“ಇನ್ನೊಂದ್ಸಲ ನೋಡು.”

“ಇನ್ನೊಂದ್ಸಲ ನೋಡಿದೆ ಸಿಸ್ಟರ್. ಸಿಗ್ತಿಲ್ಲ. ದಯವಿಟ್ಟು ನೀವು ಬನ್ನಿ.”

ದನಿ ನಡುಗುತ್ತಿತ್ತು, ಮಾತು ನಡುಗಲಿಲ್ಲ. ಮೇಟ್ರನ್ ಬಗ್ಗಿ ಬೆರಳಿಟ್ಟರು. ಅವರ ಮುಖದ ಬಣ್ಣ ಬದಲಾಯಿತು. “ಡಾಕ್ಟ್ರನ್ನ ಕರೀರಿ, ಓಡಿ!” ಎಂದು ಕೂಗಿದರು. ಇತಿಹಾಸದವನು ಜೀವಮಾನದಲ್ಲಿ ಹಾಗೆ ಓಡಿರಲಿಲ್ಲ. ಡಾಕ್ಟರು ಬಂದವರೇ ಗರಗಸ ತರಿಸಿ ಪ್ಲಾಸ್ಟರನ್ನು ಮೇಲಿನಿಂದ ಕೆಳಗಿನವರೆಗೆ ಸೀಳಿದರು. ಒಳಗೆ ಕಾಲು ಬಾತುಕೊಂಡು ರಕ್ತದ ಓಟವೇ ತಡೆದುಹೋಗಿತ್ತು.

“ಹಲ್ಲು ಕಚ್ಚಿ ತಡ್ಕೊಂಡಿದ್ದೆ, ಪ್ಲಾಸ್ಟರ್ ಅಂದ್ರೆ ಇಷ್ಟು ನೋವು ಇರುತ್ತೇನೋ ಅಂತ,” ಎಂದ ಡ್ರೈವರ್.

“ಸಂಜೆವರೆಗೆ ತಡ್ಕೊಂಡಿದ್ರೆ ಕಾಲನ್ನೇ ಕಳ್ಕೊಳ್ತಿದ್ದೆ ಮಹರಾಯ,” ಎಂದರು ಡಾಕ್ಟರು.

ಮೇಟ್ರನ್ ಲೆಕ್ಕದಮ್ಮನ ಕೈ ಹಿಡಿದು ಪಾದದ ಮೇಲೆ ಇಟ್ಟರು. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಆ ಹುಡುಗಿ, ಎಂದೂ ವಾರ್ಡಿನಲ್ಲಿ ದನಿ ಎತ್ತಬಾರದೆಂದು ಕಲಿತ ಹುಡುಗಿ, “ಬಂತು! ಮೇಡಂ, ಬಂತು!” ಎಂದು ಕಿರುಚಿದಳು.

“ನಂಗೂ ಹೋದ ಜೀವ ಬಂತು ಕಣಮ್ಮ,” ಎಂದ ಡ್ರೈವರ್. ಅಕ್ಕಪಕ್ಕದ ಹಾಸಿಗೆಯವರು ಚಪ್ಪಾಳೆ ತಟ್ಟಿದರು. ಮೇಡಂ ಬಾಗಿಲಲ್ಲೇ ನಿಂತು ಕಣ್ಣೊರೆಸಿಕೊಂಡಳು. ಇಷ್ಟು ವರ್ಷದ ನೋವು, ಬೈಗುಳ, ಅಣಕ ಎಲ್ಲಕ್ಕೂ ಇದೊಂದು ಕೂಗು ಸಾಕಾಯಿತು ಅವಳಿಗೆ.

ಮೇಟ್ರನ್ ಹತ್ತಿರ ಬಂದರು. “ಈಗ ಬಾಯಿ ಬಿಚ್ಚಬಹುದು.”

ಮೇಡಂ ಹಿಡಿದಿದ್ದ ಚೌಕಟ್ಟನ್ನು ಆಗಷ್ಟೇ ಬಿಟ್ಟಳು.

“ಸೋಮವಾರದಿಂದ ಎಲ್ಲರನ್ನೂ ಕಳಿಸಿ, ಇಡೀ ವರ್ಷ. ಗೊತ್ತಿಲ್ಲ ಅಂತ ಹೇಳೋಕೆ ನಮ್ಮೋರಿಗೇ ಇನ್ನೂ ಬರಲ್ಲ. ಹೇಗ್ರೀ ಕಲಿಸಿದ್ರಿ?”

ಮೇಡಂ ಅತ್ತೆಯ ಕಥೆ, ಉಂಡೆಯ ಕಥೆ ಹೇಳಿದಳು. ಮೇಟ್ರನ್ ನಕ್ಕರು. ಅವರ ಹಲ್ಲು ಹೇಗಿದೆಯೆಂದು ಆ ವಾರ್ಡಿಗೆ ಅಂದೇ ಗೊತ್ತಾಗಿದ್ದು. “ಆ ಅಜ್ಜಿನ ಒಂದು ದಿನ ನಮ್ಮ ಹೊಸ ನರ್ಸುಗಳ ಹತ್ರಾನೂ ಕಳಿಸಿ,” ಎಂದರು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಸ್ವೆಟರ್ ಸೋಫಾದ ಮೇಲೆ ನಿನ್ನೆ ಬಿಟ್ಟ ಸಾಲಿನಲ್ಲೇ ಬಿದ್ದಿತ್ತು. ಇಡೀ ದಿನ ಒಂದು ಹೆಣಿಗೆಯೂ ಮುಂದೆ ಹೋಗಿರಲಿಲ್ಲ. ಸೊಸೆ ಚಪ್ಪಲಿ ಬಿಡುವ ಮೊದಲೇ ಎಲ್ಲವನ್ನೂ ಹೇಳಿದಳು, ಮೇಟ್ರನ್ ಕರೆದದ್ದನ್ನೂ ಹೇಳಿದಳು.

“ಗಾಡಿ ಕಳಿಸಿದ್ರೆ ಬರ್ತೀನಿ ಅಂತ ಹೇಳು,” ಎಂದು ಅತ್ತೆ ಸೆರಗಿನಿಂದ ಮೂಗೊರೆಸಿಕೊಂಡು ಸೋಫಾದಲ್ಲಿ ಕುಸಿದು ಕೂತರು. ಮುಖ ಬೇರೆ ಕಡೆ ತಿರುಗಿಸಿ ಕೈ ಚಾಚಿದರು. “ಎಲ್ಲಿ, ನೋಡು.”

ಸೊಸೆ ಬೆರಳಿಟ್ಟಳು. ಕಂಕುಳಲ್ಲಿ ಉಂಡೆ ಇರಲಿಲ್ಲ. ಆ ಸಣಕಲು ಮಣಿಕಟ್ಟಿನೊಳಗೆ ನಾಡಿ ದಡದಡನೆ ಬಡಿಯುತ್ತಿತ್ತು. ಅವಳು ಗಡಿಯಾರ ನೋಡಿದ ಹಾಗೆ ನಟಿಸಿ ತಮಾಷೆ ಮಾಡಿದಳು.

“ಎಪ್ಪತ್ತೆರಡು, ಅತ್ತೆ.”

ಅತ್ತೆ ಅವಳ ತಲೆಗೊಂದು ಮೊಟಕಿದರು.

“ಸುಳ್ಳಿ! ಬೆಳಿಗ್ಗೆ ನೀನು ಹೋದಾಗಿಂದ ಓಡ್ತಾ ಇದೆ, ನಂಗೆ ಗೊತ್ತಿಲ್ವಾ? ಇನ್ನೊಂದ್ಸಲ ನೋಡು.”

ಇನ್ನೊಂದ್ಸಲ ಮೇಡಂ ಅತ್ತೆಯ ಪಕ್ಕದಲ್ಲಿ ಕೂತು, ಆ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು, ಇನ್ನೊಂದು ಸಲ ಎಣಿಸಿದಳು.