ಹಳ್ಳದ ಮೇಲಿನ ಕಾಲುವೆ

ನಮ್ಮೂರು ಗಂಗಾವತಿ ಹತ್ತಿರ. ಗದ್ದೆಗೆ ಬರುವ ನೀರು ಹಳ್ಳ ದಾಟಿ ಬರಬೇಕು, ಅದಕ್ಕೆ ಹಳ್ಳದ ಮೇಲೆ ಸಿಮೆಂಟಿನ ಕಾಲುವೆ ಕಟ್ಟಿದ್ದಾರೆ. ಕೆಳಗೆ ಹಳ್ಳದ ನೀರು, ಮೇಲೆ ನಮ್ಮ ನೀರು, ಒಂದಕ್ಕೊಂದು ಸಂಬಂಧವಿಲ್ಲ. ಹುಟ್ಟಿದಾಗಿನಿಂದ ನೋಡಿದ್ದು, ವಿಶೇಷ ಅನ್ನಿಸಿರಲಿಲ್ಲ.

ಕೊಪ್ಪಳದ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತ ಪಿಎಚ್‌ಡಿ ಮಾಡುತ್ತಿದ್ದೆ. ವಿಷಯ ಏನೆಂದು ಅಪ್ಪ ಕೇಳಿದಾಗ ಗದ್ದೆಯಲ್ಲೇ ವಿವರಿಸಿದೆ. ತುಂಬಾ ಮಡಿಗಳಿರುವ ಗದ್ದೆ. ಪ್ರತಿ ಬದುವಿಗೂ ಒಂದು ನಾಣ್ಯ ಚಿಮ್ಮಬೇಕು. ಸಿಂಹದ ಮುಖ ಬಿದ್ದರೆ ಬದು ಕಡಿಯುವುದು, ಇಲ್ಲದಿದ್ದರೆ ಬಿಡುವುದು. ಪಶ್ಚಿಮದಲ್ಲಿ ಬಿಟ್ಟ ನೀರು ಪೂರ್ವಕ್ಕೆ ಮುಟ್ಟದಿದ್ದರೆ, ದಕ್ಷಿಣದಿಂದ ಉತ್ತರದವರೆಗೆ ಎಲ್ಲೂ ಕಡಿಯದ ಬದು ಅಡ್ಡ ನಿಂತಿದೆ ಎಂದೇ ಅರ್ಥ. ಎರಡರಲ್ಲಿ ಒಂದು ಆಗಲೇಬೇಕು, ಎರಡೂ ಒಟ್ಟಿಗೆ ಆಗವು. ಇಷ್ಟು ಹೇಳುವುದು ಟೊಪಾಲಜಿ. ಅದನ್ನು ಹಿಡಿದು, ನೀರು ಮುಟ್ಟುವ ಸಂಭವ ಎಷ್ಟು ಎಂದು ಹೇಳುವುದು ಸಂಭವನೀಯತೆ.

"ನಾಣ್ಯ ಚಿಮ್ಮಿ ಬದು ಕಡದ್ರ ಬಾಜೂ ಹೊಲದಾಂವ ಸುಮ್ಮ ಬಿಡತಾನೇನವಾ?" ಅಂದರು ಅಪ್ಪ.

ನೋಂದಣಿಯ ಅವಧಿ ಮುಗಿಯುತ್ತ ಬಂದಿತ್ತು. ಅದರೊಳಗೆ ಪ್ರಬಂಧ ಒಪ್ಪಿಸದಿದ್ದರೆ ಅಷ್ಟೂ ವರ್ಷದ ಕೆಲಸ ಮಣ್ಣುಪಾಲು. ನನಗೆ ಧೈರ್ಯವಿದ್ದದ್ದು ಕೊನೆಯ ಅಧ್ಯಾಯದ ಮೇಲೆ. ಅದರಲ್ಲಿದ್ದ ಫಲಿತಾಂಶವನ್ನು ಯಾರೂ ಸಾಧಿಸಿರಲಿಲ್ಲ. ಯಾಕೆ ಸಾಧಿಸಿರಲಿಲ್ಲ ಎಂದು ನಾನು ಯೋಚಿಸಿರಲಿಲ್ಲ.

ನನ್ನ ಮಾರ್ಗದರ್ಶಕರು ಕುಷ್ಟಗಿ ಕಡೆಯವರು. ಮಳೆ ನಂಬಿದ ಎರೆಮಣ್ಣಿನ ಹೊಲ ಅವರದು; ಕಾಲುವೆಯ ನಂಟಿಲ್ಲ. ಆ ಅಧ್ಯಾಯದ ಚಿತ್ರವೊಂದರಲ್ಲಿ ನೀರಿನ ಎರಡು ದಾರಿ ಅಡ್ಡಹಾಯುವ ಕಡೆ ಬೆರಳಿಟ್ಟು ಕೂತರು.

"ಈ ಎರಡು ನೀರು ಇಲ್ಲಿ ಕೂಡ್ಲಿಲ್ಲೇನವಾ?"

"ಇಲ್ರಿ ಸರ್. ಇದು ಮ್ಯಾಲಿಂದ ಹೋಗತೈತ್ರಿ."

"ಯಾವುದರ ಮ್ಯಾಲಿಂದ?"

ಹಳ್ಳದ ಮ್ಯಾಲಿಂದ ಅನ್ನಲು ಹೋಗಿ ಹಾಳೆ ನೋಡಿದೆ. ಚಪ್ಪಟೆ ಹಾಳೆಯ ಮೇಲೆ ಅಂಚಿನಿಂದ ಅಂಚಿಗೆ ಒಂದು ದಾರಿ ಪೂರ್ವ-ಪಶ್ಚಿಮ, ಇನ್ನೊಂದು ದಕ್ಷಿಣೋತ್ತರ ಹೋದರೆ ಎಲ್ಲೋ ಒಂದು ಕಡೆ ಕೂಡಲೇಬೇಕು. ನನ್ನ ಪ್ರಬಂಧದ ಬುನಾದಿಯೇ ಅದು. ನಾನು ಮಾತ್ರ ಎರಡನ್ನೂ ಕೂಡದಂತೆ ದಾಟಿಸಿ, ಬೇರೆ ಬೇರೆ ದಾರಿ ಎಂದು ಲೆಕ್ಕ ಹಿಡಿದಿದ್ದೆ. ಎಷ್ಟೋ ಸಲ ತಿದ್ದಿದ್ದೆ. ನಮ್ಮೂರಿನ ಕಣ್ಣಿಗೆ ಅದರಲ್ಲಿ ತಪ್ಪೇನೂ ಕಾಣಿಸಿರಲಿಲ್ಲ.

ಹಳ್ಳದ ಮೇಲಿನ ಕಾಲುವೆಯ ಸಂಗತಿ ಹೇಳಿದಾಗ ಸರ್ ಬಿದ್ದು ಬಿದ್ದು ನಕ್ಕರು.

ಸರಿಮಾಡಲು ಹೊತ್ತಿರಲಿಲ್ಲ. ಅಧ್ಯಾಯವನ್ನೇ ಕಿತ್ತುಹಾಕಿ, ಮೊದಲ ಪುಟದಲ್ಲಿ ಒಂದು ಸಾಲು ಸೇರಿಸಿದೆ: ದಾರಿಗಳು ಒಂದರ ಮೇಲಿಂದ ಒಂದು ಹಾಯುವಂತಿಲ್ಲ. ಉಳಿದದ್ದನ್ನು ಅವಧಿಯೊಳಗೆ ಒಪ್ಪಿಸಿದೆ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಒಳ್ಳೆಯವರು. ಎಲ್ಲ ಒಪ್ಪಿದರು. ಎದ್ದು ಹೊರಡುವಾಗ ಮೊದಲ ಪುಟ ತೆರೆದು, "ಈ ಸಾಲು ಯಾಕ್ರಿ? ಇದು ಸಣ್ಣ ಹುಡುಗರಿಗೂ ಗೊತ್ತಿರತೈತಿ. ತಗದುಬಿಡ್ರಿ," ಅಂದರು.

ಆ ಅಧ್ಯಾಯದಲ್ಲಿ ನನಗೆ ಉಳಿದಿದ್ದು ಅದೊಂದೇ ಸಾಲು. ಆಗಲಿ ಸರ್ ಅಂದು, ಅವರೆದುರೇ ಹೊಡೆದುಹಾಕಿದೆ.