ಪುಟ್ಟಮಾದಣ್ಣನ ಮೊದಲ ಪ್ರತಿ

ಇವತ್ತು ಮಧ್ಯಾಹ್ನ ಎದುರುಮನೆಯ ಗೇಟಿಗೆ ಬಣ್ಣ ಬಳಿಯುತ್ತಿದ್ದವನು ಬ್ರಷ್ ತೊಳೆಯಲೆಂದು ಡಬ್ಬಿಗೆ ಸೀಮೆಎಣ್ಣೆ ಸುರಿದ. ವಾಸನೆ ರಸ್ತೆ ದಾಟಿ ನನ್ನ ಕಿಟಕಿಗೆ ಬಂತು. ಬೇರೆಯವರಾಗಿದ್ದರೆ ಕಿಟಕಿ ಮುಚ್ಚುತ್ತಿದ್ದರೇನೋ, ನಾನು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡೆ. ನಿಮಗೆ ವಿಚಿತ್ರ ಅನ್ನಿಸಬಹುದು. ಹದಿನೆಂಟು ವರ್ಷ ಪ್ರೆಸ್ಸಿನಲ್ಲಿ ಕೂತವಳ ಮೂಗು ಹೀಗೇ ಕೆಟ್ಟುಹೋಗಿರುತ್ತದೆ.

ಚಾಮರಾಜನಗರದಲ್ಲಿ ನಮ್ಮದೊಂದು ಸಂಜೆ ಪತ್ರಿಕೆ. ನಾಲ್ಕೇ ಪುಟ. ಅರಿಸಿನದ ಧಾರಣೆ, ತಾಲ್ಲೂಕು ಕಚೇರಿಯ ಸುದ್ದಿ, ಕಾಡಂಚಿನ ಹೊಲಕ್ಕೆ ಆನೆ ನುಗ್ಗಿದ್ದು, ಕೊನೆಯ ಪುಟದಲ್ಲಿ ನಿಧನ ವಾರ್ತೆ. ಮುಂದಿನ ಕೋಣೆಯಲ್ಲಿ ಕರಡು ತಿದ್ದುವ ನಾನು. ಹಿಂದಿನ ಕೋಣೆಯಲ್ಲಿ ಮಿಷನ್ನು, ಅದನ್ನು ಓಡಿಸುವ ಪುಟ್ಟಮಾದಣ್ಣ. ತೆರಕಣಾಂಬಿಯಿಂದ ದಿನಾ ಬಸ್ಸಲ್ಲಿ ಬಂದು ಹೋಗುತ್ತಿದ್ದ ಮನುಷ್ಯ. ಮೂರು ಗಂಟೆಗೆ ಅವನು ಮಿಷನ್ ಶುರುಮಾಡಿದರೆ ನನ್ನ ಮೇಜಿನ ಮೇಲಿನ ಕಾಫಿ ಲೋಟ ಮೆಲ್ಲಗೆ ಅಂಚಿನ ಕಡೆ ಸರಿಯುತ್ತಿತ್ತು.

ಊರಲ್ಲಿ ನನಗೊಂದು ಹೆಸರಿತ್ತು. ಈ ಮೇಡಂ ಕಣ್ಣು ತಪ್ಪಿಸಿ ಒಂದು ಕೊಂಬೂ ಹೋಗುವುದಿಲ್ಲ ಅನ್ನುತ್ತಿದ್ದರು. ನಾನೂ ಅದನ್ನು ನಂಬಿದ್ದೆ. ಪುಟ್ಟಮಾದಣ್ಣನಿಗೋ ಸದಾ ಇಂಕಿನದೇ ಚಿಂತೆ. ಮಿಷನ್ನಿನಿಂದ ಬಿದ್ದ ಮೊದಲ ಪ್ರತಿ ಹಿಡಿದು ಬಂದು, "ಅಕ್ಕ, ಇಲ್ಲಿ ಇಂಕು ಒಸಿ ಜಾಸ್ತಿ ಆಯ್ತೇನೋ, ನೋಡಿ" ಎಂದು ಬೆರಳಿಡುವನು. ಇಂಕು ಸರಿಯಾಗಿಯೇ ಇರುತ್ತಿತ್ತು. ಆದರೆ ಅಲ್ಲೇ ಎಲ್ಲೋ ನನಗೊಂದು ತಪ್ಪು ಕಾಣುತ್ತಿತ್ತು. "ಸದ್ಯ, ನಾನು ನೋಡಿದೆ" ಎಂದು ಜಂಬದಿಂದ ಅಚ್ಚಿನ ಪ್ಲೇಟ್ ಬದಲಾಯಿಸಲು ಹೇಳುತ್ತಿದ್ದೆ.

ಆಮೇಲೆ ಮುದ್ರಣ ಮೈಸೂರಿಗೆ ಹೋಯಿತು. ಪತ್ರಿಕೆಯ ಯಜಮಾನರನ್ನು ದೂರುವಂತಿರಲಿಲ್ಲ. ಮಿಷನ್ನಿಗೆ ಬಿಡಿಭಾಗ ಸಿಗುತ್ತಿರಲಿಲ್ಲ, ಮೈಸೂರಿನಲ್ಲಾದರೆ ಬಣ್ಣದಲ್ಲಿ ಬರುತ್ತದೆ. ಕೊನೆಯ ದಿನ ಪುಟ್ಟಮಾದಣ್ಣ ಎಂದಿನಂತೆ ಸೀಮೆಎಣ್ಣೆ ಬಟ್ಟೆಯಲ್ಲಿ ರೋಲರ್ ಒರೆಸುತ್ತಾ ಕೂತಿದ್ದ.

"ಗುಜರಿಗೆ ಹೋಗೋ ಮಿಷನ್ನಲ್ವಾ, ಇನ್ನೇನಕ್ಕೆ ಒರೆಸ್ತೀಯ?" ಎಂದೆ.

"ಕೊಳೆ ಮಾಡಿ ಕಳಿಸ್ಬಾರ್ದು ಕಣಕ್ಕ" ಎಂದ. ಹದಿನೆಂಟು ವರ್ಷದಲ್ಲಿ ಅವನ ಫೋನ್ ನಂಬರನ್ನೂ ಕೇಳಿರಲಿಲ್ಲ.

ಅಂದಿನಿಂದ ನನ್ನ ಕೆಲಸ ಮನೆಯಲ್ಲೇ. ಪುಟಗಳು ಫೋನಿಗೆ ಬರುತ್ತವೆ, ತಿದ್ದಿ ಕಳಿಸುತ್ತೇನೆ. ಮನೆಯಲ್ಲಿ ನಾನೊಬ್ಬಳೇ. ಮೂರು ಗಂಟೆಗೆ ಯಾವುದೂ ಅಲುಗಾಡುವುದಿಲ್ಲ.

ಕೆಲವು ತಿಂಗಳಲ್ಲೇ ಒಂದು ಅನಾಹುತವಾಯಿತು. ಗುಂಡ್ಲುಪೇಟೆಯವರೊಬ್ಬರ ನಿಧನ ವಾರ್ತೆಯಲ್ಲಿ ತೀರಿಕೊಂಡ ತಮ್ಮನ ಹೆಸರಿನ ಜಾಗಕ್ಕೆ ಬದುಕಿರುವ ಅಣ್ಣನ ಹೆಸರು ಬಂದಿತ್ತು. ನಾನು ಎರಡು ಸಲ ಓದಿದ್ದ ಪುಟ ಅದು. ಮರುದಿನ ತಿದ್ದುಪಡಿ ಹಾಕಿಸಿದರೂ ಮನಸ್ಸು ತಡೆಯಲಿಲ್ಲ, ಬಸ್ ಹತ್ತಿ ಅವರ ಮನೆ ಹುಡುಕಿಕೊಂಡು ಹೋದೆ. ಆ ಅಣ್ಣ ನಿವೃತ್ತ ಮೇಷ್ಟ್ರು. ಬೈಯುತ್ತಾರೆಂದು ಎದೆ ಗಟ್ಟಿಮಾಡಿಕೊಂಡಿದ್ದೆ. ಅವರು ಕೂರಿಸಿ ಮಜ್ಜಿಗೆ ಕೊಟ್ಟರು.

"ನನ್ನ ಹೆಸರು ಬಂದಿದ್ದಕ್ಕೆ ಬೇಜಾರಿಲ್ಲಮ್ಮ" ಎಂದರು. "ಅವನ ಹೆಸರು ಯಾವತ್ತೂ ಪೇಪರಲ್ಲಿ ಬಂದಿರಲಿಲ್ಲ. ಬರಬೇಕಾಗಿದ್ದು ಅದೊಂದು ದಿನ."

ನಾನು ಮಜ್ಜಿಗೆ ಲೋಟ ಕೆಳಗಿಟ್ಟು ಎದ್ದೆ.

ವಾಪಸ್ ಬರುವಾಗ ಬಸ್ ತೆರಕಣಾಂಬಿಯಲ್ಲಿ ನಿಂತಿತು. ಯಾಕೋ ಇಳಿದುಬಿಟ್ಟೆ. ಪುಟ್ಟಮಾದಣ್ಣ ಎಲ್ಲಿ ಸಿಗುತ್ತಾನೆಂದು ಕೇಳಿದ್ದಕ್ಕೆ ಮೊದಲ ಅಂಗಡಿಯವನೇ ಹಿಟ್ಟಿನ ಗಿರಣಿ ತೋರಿಸಿದ. ಪುಟ್ಟಮಾದಣ್ಣ ರೆಪ್ಪೆಯವರೆಗೂ ರಾಗಿ ಹಿಟ್ಟು ಮೆತ್ತಿಕೊಂಡು ನಿಂತಿದ್ದ. ನನ್ನನ್ನು ನೋಡಿ ಗಿರಣಿ ನಿಲ್ಲಿಸಿದ. ಏನೂ ಹೇಳುವ ಮೊದಲೇ, "ಆ ಗುಂಡ್ಲುಪೇಟೆಯವರ ಹೆಸರು ನಾನೂ ನೋಡ್ದೆ ಕಣಕ್ಕ. ನಾನ್ ನೋಡೋ ಹೊತ್ಗೆ ಎಲ್ಲಾರ್ ಕೈಗೂ ಹೋಗಿತ್ತು. ಪೇಪರು ಇಲ್ಲಿಗ್ ಬರಾದೇ ಮಾರನೇ ದಿನ" ಎಂದ.

"ನೀನಿದ್ದಾಗ ಹಿಂಗಾಗಿರಲಿಲ್ಲ" ಎಂದೆ, ಸುಮ್ಮನೆ ಮಾತಿಗೆ.

ಅವನು ತಲೆ ಕೆರೆದುಕೊಂಡ. "ಕ್ವಾಪ ಮಾಡ್ಕಬೇಡಿ. ನಾಕ್ನೇ ಕ್ಲಾಸ್ ಓದ್ದವ್ನು ನಾನು. ನಿಮ್ಗೆ ತಪ್ಪು ಅದೆ ಅಂತ ಯೆಂಗ್ ಯೋಳಾದು? ಅದ್ಕೇ ಇಂಕು ಅಂತಿದ್ದೆ."

ನಾನು ಗಿರಣಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಅವನು ಸತ್ತವರ ಹೆಸರುಗಳನ್ನು ಅಕ್ಷರ ಅಕ್ಷರ ಕೂಡಿಸಿ ಓದುತ್ತಿದ್ದನಂತೆ, ದಿನವೂ, ಮೊದಲ ಪ್ರತಿಯಲ್ಲಿ. ಗೋಡೆಯ ಆ ಕಡೆ ನಾನು ಜಂಬ ಪಟ್ಟುಕೊಂಡು ಕೂತಿದ್ದೆ. ಒಬ್ಬಳೇ ದುಡಿದೆ ಅಂದುಕೊಂಡಿದ್ದ ಅಷ್ಟೂ ವರ್ಷ ನಾವಿಬ್ಬರಿದ್ದೆವು. ಅದು ಗೊತ್ತಾದ ಹೊತ್ತಿಗೆ ನಾನು ನಿಜಕ್ಕೂ ಒಬ್ಬಳಾಗಿದ್ದೆ.

"ದಿನಾ ಫೋನ್ ಮಾಡಿ ಆ ಹೆಸರುಗಳ್ನ ಓದಿ ಹೇಳ್ಲಾ?" ಎಂದು ಕೇಳಿದೆ.

"ಈ ಸದ್ದಲ್ಲಿ ಕೇಳ್ಸಕಿಲ್ಲ ಕಣಕ್ಕ" ಎಂದ. ಅಷ್ಟರಲ್ಲಿ ಒಬ್ಬಾಕೆ ರಾಗಿ ಚೀಲ ಇಳಿಸಿದಳು. ಅವನು ಮತ್ತೆ ಗಿರಣಿ ಹಾಕಿದ. ಹಿಟ್ಟು ಮುಗಿದ ಮೇಲೆ ನನ್ನ ಜೊತೆ ಬಸ್ಸಿನವರೆಗೂ ಬಂದು, ಬಸ್ಸು ಹೊರಡುವ ತನಕ ನಿಂತಿದ್ದ.

ಇವತ್ತೂ ಪುಟ ಬಂದಿದೆ. ನಿಧನ ವಾರ್ತೆಗೆ ಬಂದಾಗ ಈಗ ನಾನು ಕಣ್ಣನ್ನಷ್ಟೇ ನಂಬುವುದಿಲ್ಲ. ಎದ್ದು ನಿಂತು, ಖಾಲಿ ಮನೆಯಲ್ಲಿ, ಒಂದೊಂದೇ ಅಕ್ಷರ ಬಿಡಿಸಿ ಗಟ್ಟಿಯಾಗಿ ಓದುತ್ತೇನೆ. ಹೆಸರು, ತಂದೆಯ ಹೆಸರು, ಊರು. ಇವತ್ತು ಮೂವರಿದ್ದರು. ಮೂವರನ್ನೂ ಎರಡೆರಡು ಸಲ ಕೂಗಿದೆ.