ಕರೆಯದ ಮದುವೆಗಳ ಬೇಸಿಗೆ

ಆಗೆಲ್ಲ ಬೇಸಿಗೆ ರಜೆ ಅಂದರೆ ಸೋದರಮಾವನ ಊರು, ಬಾವಿಯಲ್ಲಿ ಈಜು, ಮಾವಿನಕಾಯಿಗೆ ಉಪ್ಪುಖಾರ. ನನ್ನ ವಾರಿಗೆಯವರು ಈಗಲೂ ಸೇರಿದಾಗ ಅದನ್ನೇ ಹೇಳಿಕೊಂಡು ಬಾಯಿ ಚಪ್ಪರಿಸುತ್ತಾರೆ. ಐದನೆಯ ಇಯತ್ತೆ ಮುಗಿದ ಬೇಸಿಗೆಯಲ್ಲಿ ನಾನು ಈಜಲಿಲ್ಲ, ಮಾವಿನಕಾಯಿ ಕದಿಯಲಿಲ್ಲ. ಒಂದೂವರೆ ತಿಂಗಳಲ್ಲಿ ಹನ್ನೊಂದು ಮದುವೆಗಳಲ್ಲಿ ಉಂಡೆ. ಹನ್ನೊಂದರಲ್ಲಿ ಒಂದಕ್ಕೂ ನಮ್ಮನ್ನು ಯಾರೂ ಕರೆದಿರಲಿಲ್ಲ.

ಹೊಟ್ಟೆಬಾಕರು ಅಂತ ನೀವು ನಕ್ಕರೆ ತಪ್ಪಿಲ್ಲ, ಆಗಲೂ ಕೆಲವರು ನಕ್ಕಿದ್ದರು. ಆದರೆ ನಾವು ಹೋಗುತ್ತಿದ್ದುದು ಊಟಕ್ಕಲ್ಲ, ಸಾಹೇಬರನ್ನು ಹಿಡಿಯಲಿಕ್ಕೆ. ಸಾಹೇಬರು ಅಂದರೆ ನಮ್ಮ ಕಡೆಯಿಂದ ಆರಿಸಿಹೋಗಿ ದಿಲ್ಲಿಯಲ್ಲಿ ಕೂಡುವವರು. ಅವರನ್ನು ಹಿಡಿಯಬೇಕಾಗಿದ್ದು ನನ್ನ ತಮ್ಮ ಬೀರುವಿನ ಕಾಲಿಗಾಗಿ.

ಬೀರು ನನಗಿಂತ ಐದು ವರ್ಷ ಚಿಕ್ಕವನು. ಬೀರಪ್ಪನಿಗೆ ಹರಕೆ ಹೊತ್ತು ಪಡೆದ ಮಗನೆಂದು ಆ ಹೆಸರು. ಹುಟ್ಟಿದಾಗ ತಡವಾಗಿ ಅತ್ತನಂತೆ. ಆ ತಡದಲ್ಲಿ ಮಿದುಳಿಗೆ ಉಸಿರು ಸಾಲದೆ ಕಾಲುಗಳು ಕತ್ತರಿಯ ಹಾಗೆ ಒಂದರ ಮೇಲೊಂದು ಬಿಗಿದುಕೊಂಡವು, ಮಾತು ಗಂಟಲಲ್ಲೇ ನಿಂತಿತು. ಆರು ತುಂಬಿದ್ದರೂ ಗೋಡೆಗೆ ಒರಗಿಸಿದರೆ ಮಾತ್ರ ಕೂಡುತ್ತಿದ್ದ. ಬುದ್ಧಿಯೇನೋ ಚುರುಕು, ನನ್ನ ಜಡೆ ಎಳೆದು ಏನೂ ಅರಿಯದವನ ಹಾಗೆ ಬೇರೆ ಕಡೆ ನೋಡುವಷ್ಟು ಚುರುಕು. ಅವನ ಊಂ, ಆಂ, ಗ್ಗೆ ಎಂಬ ಸದ್ದುಗಳಲ್ಲಿ ಯಾವುದು ನೀರು, ಯಾವುದು ಬೈಗುಳ ಎಂದು ತಿಳಿಯುತ್ತಿದ್ದುದು ನನಗೆ ಮಾತ್ರ. ಅವ್ವ ಕೂಡ ನನ್ನನ್ನೇ ಕೇಳುತ್ತಿದ್ದಳು.

ಅಪ್ಪ ಮಿಲಿಟರಿಯಲ್ಲಿದ್ದ, ಉತ್ತರದ ಗಡಿಯ ಕಡೆ. ನಾವು ಬೇವೂರಿನಲ್ಲಿ ಆಯಿಯ ಜೊತೆ, ಅಂದರೆ ಅಪ್ಪನ ತಾಯಿಯ ಜೊತೆ ಇದ್ದೆವು. ಅಪ್ಪನ ಮಿಲಿಟರಿ ದವಾಖಾನೆಯ ಕಾರ್ಡಿನ ಮೇಲೆ ಮನೆಯವರ ಜ್ವರ, ಕೆಮ್ಮು, ಆಪರೇಶನ್ನು ಎಲ್ಲ ನಡೆಯುತ್ತಿತ್ತು. ಬೀರುವಿಗೆ ಬೇಕಾಗಿದ್ದು ಅದಾವುದೂ ಅಲ್ಲ. ಬಾಗಲಕೋಟೆಯ ವಿದ್ಯಾಗಿರಿಯ ಡಾಕ್ಟರೊಬ್ಬರು ಅವನ ಕಾಲು ಎಳೆದು, ಮಡಚಿ ನೋಡಿ ಅವ್ವನಿಗೆ ಹೇಳಿದ್ದರು: “ದಿನಾ ವ್ಯಾಯಾಮ ಆಗಬೇಕು, ಕಾಲಿಗೆ ಪಟ್ಟಿ ಹಾಕಿದ ಬೂಟು ಬೇಕು, ಮಾತು ಕಲಸವ್ರು ಬೇಕು. ಎಂಟು ವರ್ಷದೊಳಗ ಆದ್ರ ನಿಂದರತಾನ. ಆಮ್ಯಾಲ ಎಲುಬು ಮಾತ ಕೇಳಂಗಿಲ್ಲವಾ.”

ಅಷ್ಟನ್ನೂ ಒಂದೇ ಸೂರಿನಡಿ ಕೊಡುವ ಜಾಗ ಅಪ್ಪ ಇದ್ದ ಪ್ರಾಂತ್ಯದ ಒಂದು ದೊಡ್ಡ ಊರಿನಲ್ಲಿತ್ತು. ಅಪ್ಪ ಅರ್ಜಿ ಹಾಕಿದ. ಮೇಲಿನ ಆಫೀಸಿನಿಂದ ಇಂಗ್ಲಿಷಿನಲ್ಲಿ ಕಾಗದ ಬಂತು. ನಮ್ಮ ಶಾಲೆಯ ಮಾಸ್ತರರು ಓದಿ ಅರ್ಥ ಹೇಳಿದರು: ಇದು ಚಿಕಿತ್ಸೆಯಲ್ಲ, ಶಿಕ್ಷಣ, ಆದ್ದರಿಂದ ಕಾರ್ಡಿನಲ್ಲಿ ಬರುವುದಿಲ್ಲ.

“ಸಾಲಿಗೆ ಒಯ್ದ್ರ ದವಾಖಾನಿಗೆ ಹೋಗ್ರಿ ಅಂತಾರ, ದವಾಖಾನ್ಯಾರು ಇದು ಸಾಲಿ ಕೆಲಸ ಅಂತಾರ,” ಅಂದಳು ಅವ್ವ. “ಹಂಗಾರ ನನ್ನ ಮಗ ಯಾವ ಕಡ್ಯಾಂವ್ರಿ ಮಾಸ್ತರ?”

ನಿಯಮ ಮಾಡುವವರು ದಿಲ್ಲಿಯಲ್ಲಿದ್ದಾರೆ, ಅಲ್ಲಿ ಕೂಡುವವರೊಬ್ಬರು ಕೇಳಿದರೆ ಆದೀತು ಎಂದರು ಮಾಸ್ತರರು. ಅಪ್ಪ ಕೇಳುವಂತಿರಲಿಲ್ಲ, ನೌಕರಿಯಲ್ಲಿರುವ ಸಿಪಾಯಿ ರಾಜಕೀಯದವರ ಬಾಗಿಲು ಬಡಿಯಬಾರದೆಂಬ ಕಟ್ಟಳೆ ಇದೆ. ಹಾಗಾಗಿ ನಾಲ್ಕನೆಯ ಇಯತ್ತೆ ಓದಿದ, ಬಾಗಲಕೋಟೆಯ ಸಂತೆ ಬಿಟ್ಟರೆ ಒಬ್ಬಳೇ ಎಲ್ಲಿಗೂ ಹೋಗದ ಅವ್ವ ಹೊರಟಳು. ಸಾಹೇಬರ ಮನೆಗೆ ಮೂರು ಸಲ ಹೋದೆವು. ಮೂರು ಸಲವೂ ಸಾಹೇಬರು ಮದುವೆಗೆ ಹೋಗಿದ್ದರು. ಮೂರನೆಯ ಸಲ ಗೇಟಿನವನು ಕನಿಕರದಿಂದ ಅಂದ: “ಯಕ್ಕಾ, ಈ ಸೀಜನ್ನಿನ್ಯಾಗ ಇಲ್ಲಿ ಕುಂತ್ರ ಸಿಗಂಗಿಲ್ಲ. ನೀವೂ ಮದವಿಗೇ ಹೋಗ್ರಿ.”

ಅವ್ವ ಆ ಮಾತನ್ನು ಹಿಡಿದುಬಿಟ್ಟಳು. ನಮ್ಮ ಕಡೆಯ ಲಗ್ನಪತ್ರಿಕೆ ನೀವು ನೋಡಿದ್ದೀರಿ. ಮದುಮಕ್ಕಳ ಹೆಸರು ಎಷ್ಟು ದಪ್ಪವೋ ಬರಲಿರುವ ಗಣ್ಯರ ಹೆಸರೂ ಅಷ್ಟೇ ದಪ್ಪ. ಊರಲ್ಲಿ ಯಾರ ಮನೆಗೆ ಪತ್ರಿಕೆ ಬಂದರೂ ಅವ್ವ ಇಸಿದುಕೊಂಡು ಬರುತ್ತಿದ್ದಳು, ನಾನು ಬೆರಳಿಟ್ಟು ಗಣ್ಯರ ಪಟ್ಟಿ ಓದುತ್ತಿದ್ದೆ. ಸಾಹೇಬರ ಹೆಸರಿದ್ದರೆ ಮದುವೆಯ ದಿನ ಕೆಂಪು ಬಸ್ಸು. ಪಟ್ಟಿಯಲ್ಲಿ ಇದ್ದವರೆಲ್ಲ ಬರುವುದಿಲ್ಲ, ಆಸೆಗೆ ಅಚ್ಚು ಹಾಕಿಸಿರುತ್ತಾರೆ ಎಂದು ತಿಳಿಯಲು ನಮಗೆ ನಾಲ್ಕು ಮದುವೆ ಹಿಡಿದವು.

ಅರ್ಜಿಯ ಒಕ್ಕಣೆ ಮಾಸ್ತರರದು, ಅಕ್ಷರ ನನ್ನದು. ‘ಸದರಿ ಬಾಲಕನು ನಡೆಯಲು ಹಾಗೂ ಮಾತನಾಡಲು ಅಶಕ್ತನಿದ್ದು’ ಎಂದು ಶುರುವಾಗಿ ‘ತಾಯಿ ಮತ್ತು ಸದರಿ ಬಾಲಕನಿಗೆ ಅನುಕೂಲ ಮಾಡಿಕೊಡಬೇಕಾಗಿ ಪ್ರಾರ್ಥನೆ’ ಎಂದು ಮುಗಿಯುತ್ತಿತ್ತು. ಪ್ರತಿ ಮದುವೆಗೂ ಒಂದು ಹೊಸ ಪ್ರತಿ. ಎಣ್ಣೆಗೈ ತಾಗಿದ ಅರ್ಜಿ ಸಾಹೇಬರಿಗೆ ಕೊಡಬಾರದು ಎಂಬುದು ಅವ್ವನ ಹಟ. ಸದರಿ ಅಂದರೆ ಏನೆಂದು ಅವ್ವ ಕೇಳಿದಳು. ನನಗೂ ಗೊತ್ತಿರಲಿಲ್ಲ. ಆದರೆ ಬೀರು ಚೇಷ್ಟೆ ಮಾಡಿದಾಗಲೆಲ್ಲ “ಸದರಿ ಬಾಲಕಾ, ಸುಮ್ನ ಕೂಡು” ಅನ್ನತೊಡಗಿದೆ. ಅವನಿಗದು ಎಷ್ಟು ಸೇರಿತೆಂದರೆ, ಅನ್ನಿಸಿಕೊಳ್ಳಲಿಕ್ಕೆಂದೇ ಚೇಷ್ಟೆ ಮಾಡುತ್ತಿದ್ದ.

ಅವ್ವನದು ಇನ್ನೊಂದು ಹಟವಿತ್ತು. ಮದುವೆಗೆ ಹೋದವರು ಬಟ್ಟೆಬರೆ ಕೊಡುವುದಕ್ಕೆ ನಮ್ಮಲ್ಲಿ ಆಯೇರಿ ಅನ್ನುತ್ತಾರೆ. ಆಯೇರಿ ಮಾಡದೆ ಎಲೆಯ ಮುಂದೆ ಕೂಡಬಾರದು ಎಂದಳು. ಅವಳ ಟ್ರಂಕಿನಲ್ಲಿ ವರ್ಷಗಟ್ಟಲೆ ಉಡಿ ತುಂಬಿಸಿಕೊಂಡ ಖಣಗಳಿದ್ದವು, ಕುಪ್ಪಸ ಹೊಲಿಸದೆ ಮಡಚಿಟ್ಟವು. ಒಂದೊಂದು ಮದುವೆಗೆ ಒಂದೊಂದು ತೆಗೆದುಕೊಂಡು ಹೋಗಿ, ಗುರುತಿಲ್ಲದ ಮದುಮಗಳ ಕೈಯಲ್ಲಿಟ್ಟು, ಚಲೋ ಇರು ನನ್ನವ್ವ ಎಂದು ಹರಸಿ ಬರುತ್ತಿದ್ದಳು. ಆ ಮದುಮಕ್ಕಳು ಸಂಜೆ ತಲೆ ಕೆರೆದುಕೊಂಡಿರಬೇಕು, ಇವಳು ಯಾರ ಪೈಕಿ ಎಂದು.

ಹುನಗುಂದದ ಮದುವೆಯಲ್ಲಿ ಸಾಹೇಬರು ನಿಜವಾಗಿಯೂ ಬಂದರು. ಮದುಮಕ್ಕಳ ಮೇಲೆ ಅಕ್ಕಿಕಾಳು ಬಿದ್ದು ಮುಗಿದಿತ್ತು. ಗೋಧಿ ಹುಗ್ಗಿ, ಬದನೆಕಾಯಿ ಪಲ್ಯದ ವಾಸನೆ ಇಡೀ ಪೆಂಡಾಲಿಗೆ ಹಬ್ಬಿತ್ತು. ಬಿಳಿ ಅಂಗಿಯ ಗುಂಪು ನಮ್ಮ ಮುಂದೆಯೇ ಹಾಯ್ದಾಗ ಅವ್ವ ಬೀರುವನ್ನು ಸೊಂಟದ ಮೇಲೆ ಏರಿಸಿಕೊಂಡು ಎದುರಿಗೆ ನಿಂತಳು. ಸಾಹೇಬರು ಕೈಮುಗಿದು ನಕ್ಕರು.

“ಏನವಾ, ಆರಾಮ ಅದೀರಿ?”

“ಆರಾಮ ಅದೇವ್ರಿ ಸಾಹೇಬ್ರ,” ಅಂದಳು ಅವ್ವ.

“ಛಲೋ ಆತು,” ಎಂದು ಅವರು ಬೀರುವಿನ ಕೆನ್ನೆ ಮುಟ್ಟಿ ಮುಂದೆ ನಡೆದರು. ಬೀರು ಖುಷಿಯಿಂದ ಕೇಕೆ ಹಾಕಿದ. ನಾನು ಅರ್ಜಿ ಹೊರಗೆ ತೆಗೆಯುವಷ್ಟರಲ್ಲಿ ಜೀಪಿನ ಧೂಳೂ ಇರಲಿಲ್ಲ.

ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆರಾಮ ಅಂತ ಕೇಳಿದರೆ ಆರಾಮ ಅನ್ನಬೇಕು. ಜ್ವರದಲ್ಲಿ ಕೌದಿ ಹೊದ್ದು ನಡುಗುವವನೂ ಅನ್ನುತ್ತಾನೆ. ಅಪ್ಪ ವಾರಕ್ಕೊಮ್ಮೆ ಫೋನಿನಲ್ಲಿ ಕೇಳುತ್ತಿದ್ದ, ನಾವು ಆರಾಮ ಅನ್ನುತ್ತಿದ್ದೆವು. ನಾವು ಕೇಳಿದರೆ ಹಿಮದಲ್ಲಿ ನಿಂತ ಅವನೂ ಆರಾಮ ಅನ್ನುತ್ತಿದ್ದ. ಆದರೆ ಅಂದು ಬಸ್ಸಿನಲ್ಲಿ ಅವ್ವ ಬಾಗಲಕೋಟೆಯವರೆಗೆ ತನ್ನ ಬಾಯಿಗೇ ಹೊಡೆದುಕೊಂಡಳು. “ಆರಾಮ್ರಿ ಅಂದಬಿಟ್ಟೆನಲ್ಲ ಸವಿತಾ. ಮಗನ್ನ ಬಗಲಾಗ ಇಟಗೊಂಡು ಆರಾಮ್ರಿ ಅಂದೆ. ನನ್ನಂಥಾಕಿ ಹಡಿಬಾರದಿತ್ತು.” ನನಗೆ ಅವಳ ಮೇಲೆ ಸಿಟ್ಟು ಬಂದಿತ್ತು. ಈಗ ನೆನೆದರೆ ಆ ಸಿಟ್ಟಿನ ಮೇಲೆ ಸಿಟ್ಟು ಬರುತ್ತದೆ.

ಇಳಕಲ್ಲಿನಲ್ಲಿ ಸಾಹೇಬರು ಬರಲಿಲ್ಲ. ಕಾಯುತ್ತ ಮಧ್ಯಾಹ್ನವಾಯಿತು. ಪೆಂಡಾಲಿನ ಹಿಂದೆ ನನ್ನ ವಯಸ್ಸಿನ ಹುಡುಗಿಯರು ಕುಂಟಾಟ ಆಡುತ್ತಿದ್ದರು. ಒಬ್ಬಳು ಕಡಿಮೆ ಬಿದ್ದಿದ್ದಳೋ ಏನೋ, ನನ್ನನ್ನೂ ಕರೆದರು. ಎಷ್ಟೋ ದಿನಗಳ ಮೇಲೆ ಆಡಿದೆ. ಎರಡು ಆಟ ಗೆದ್ದೆ. ಹಸಿರು ಪರಕಾರ ಉಟ್ಟ ಹುಡುಗಿಯೊಬ್ಬಳು ಕೇಳಿದಳು: “ನೀ ಯಾವ ಕಡ್ಯಾಕಿ? ಹೆಣ್ಣಿನ ಕಡ್ಯಾಕ್ಯೋ, ಗಂಡಿನ ಕಡ್ಯಾಕ್ಯೋ?”

“ಗಂಡಿನ ಕಡ್ಯಾಕಿ,” ಅಂದೆ.

“ನಾವ ಗಂಡಿನ ಕಡ್ಯಾರು. ನಿನ್ನ ನೋಡೇ ಇಲ್ಲಲ್ಲ.”

ಹಾಗಾದರೆ ಹೆಣ್ಣಿನ ಕಡೆ ಎಂದೆ. ಅವರು ನಗತೊಡಗಿದರು. ಯಾರೂ ಬೈಯಲಿಲ್ಲ, ಹೊರಗೆ ಹಾಕಲಿಲ್ಲ. ಮುಂದಿನ ಆಟದಲ್ಲಿ ನನ್ನನ್ನು ಎಣಿಸಲಿಲ್ಲ, ಅಷ್ಟೇ. ಅಷ್ಟು ಜನರ ನಡುವೆ ಅಷ್ಟು ಒಬ್ಬಳೇ ನಾನು ಎಂದೂ ಆಗಿರಲಿಲ್ಲ. ಹೋಗಿ ಬೀರುವಿನ ಪಕ್ಕ ಕೂತೆ. ಅವನು ನನ್ನ ಪಾಲಿನ ಬುಂದೆಯನ್ನೂ ತಿಂದು ಮುಗಿಸಿದ್ದ. ಅವನ ಜೊತೆ ಮನಸಾರೆ ಜಗಳ ಆಡಿದೆ, ಸ್ವಲ್ಪ ಹಗುರಾಯಿತು.

ಹನ್ನೊಂದನೆಯ ಮದುವೆ ಬಾದಾಮಿಯಲ್ಲಿ. ಆಷಾಢ ಹತ್ತಿರವಾಗಿತ್ತು, ಅದಾದರೆ ಮದುವೆಗಳೇ ಇಲ್ಲ. ಅವ್ವನ ಟ್ರಂಕಿನಲ್ಲಿ ಖಣವೂ ಉಳಿದಿರಲಿಲ್ಲ. ಅಂದು ಕೊಟ್ಟ ಕೊನೆಯ ಖಣ ಅವಳ ಸ್ವಂತ ಮದುವೆಯದು. ಮಂಟಪದ ಕಂಪೌಂಡಿನ ಮೇಲೆ ಮಂಗಗಳು ಸಾಲಾಗಿ ಕೂತು ಬಾಳೆಹಣ್ಣಿಗೆ ಹೊಂಚುತ್ತಿದ್ದವು, ಬೀರು ಅವುಗಳನ್ನೇ ನೋಡುತ್ತಿದ್ದ. ಸಾಹೇಬರು ಬಂದದ್ದು ಗದ್ದಲದಿಂದಲೇ ತಿಳಿಯಿತು. ಜನರ ನೂಕಾಟದಲ್ಲಿ ಅವ್ವ ಮೆಟ್ಟಿಲ ಹತ್ತಿರ ಸಿಕ್ಕಿಬಿದ್ದಳು. ನಾನು ಯಾರದೋ ತೋಳಿನ ಕೆಳಗೆ ನುಸುಳಿ ವೇದಿಕೆ ಹತ್ತಿಬಿಟ್ಟೆ. ಸಾಹೇಬರು ಫೋಟೋ ಮುಗಿಸಿ ಇಳಿಯುವವರು, ಎದುರಿಗೆ ನಿಂತ ಹುಡುಗಿಯನ್ನು ಕಂಡು ಅಭ್ಯಾಸದಂತೆ ನಕ್ಕರು.

“ಏನ ತಂಗಿ, ಆರಾಮ?”

“ಇಲ್ರಿ. ಆರಾಮ ಇಲ್ರಿ,” ಅಂದೆ.

ಎರಡು ಹೆಜ್ಜೆ ದಾಟಿದ್ದವರು ನಿಂತರು. ಹಿಂದಿನವರೂ ನಿಂತರು. “ಯಾರಿಗೆ ಆರಾಮ ಇಲ್ಲ?”

“ನಮ್ಮ ತಮ್ಮಗ. ನಮ್ಮವ್ವಗ. ನನಗೂ ಆರಾಮ ಇಲ್ರಿ.”

ಮದುಮಗಳ ತಾಯಿ ನನ್ನನ್ನು ದುರುಗುಟ್ಟಿ ನೋಡಿದ್ದು ನೆನಪಿದೆ. ಸಾಹೇಬರು ಅಲ್ಲೇ ಸೋಫಾದ ಅಂಚಿಗೆ ಕೂತು ಅರ್ಜಿ ಬಿಚ್ಚಿದರು. ಪೂರ್ತಿ ಓದಿದರು, ಅಷ್ಟರಲ್ಲಿ ಅವ್ವ ಏದುಸಿರು ಬಿಡುತ್ತ ಬಂದು ನಿಂತಿದ್ದಳು. “ಸಿಪಾಯಿ ಮಗ ನಡಿಯೂದು ಕಲತ್ರ ಅದು ಸಾಲಿ, ದವಾಖಾನಿ ಅಲ್ಲ ಅಂತಾರಾ?” ಎಂದು ಕೇಳಿದರು. ಅವ್ವ ಹೌದೆಂದು ತಲೆ ಅಲ್ಲಾಡಿಸಿದಳು. ಸಾಹೇಬರು ತಮ್ಮ ಜೊತೆಗಿದ್ದವನಿಗೆ, “ಇದನ್ನ ಬ್ಯಾರೆ ಕಾಗದದ ಸಂಗಾಟ ಕೂಡಸಬ್ಯಾಡ, ನನ್ನ ಚೀಲದಾಗ ಇಡು,” ಎಂದರು. ಹೋಗುವಾಗ ನನ್ನ ಅಕ್ಷರ ಚೆಂದ ಇವೆ ಎಂದರು.

ಹೊರಗೆ ಬಂದ ಮೇಲೆ ಅವ್ವ ನನ್ನ ಬೆನ್ನಿಗೊಂದು ಕೊಟ್ಟಳು. “ಮದವಿ ಮನಿಯಾಗ ಆರಾಮ ಇಲ್ಲ ಅಂತಾರೇನ? ಶುಭ ಅಶುಭ ತಿಳಿಯಂಗಿಲ್ಲ?” ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೆದುರು ನನ್ನನ್ನು ತಬ್ಬಿಕೊಂಡು ಅತ್ತಳು. ನಡುವೆ ಸಿಕ್ಕಿಕೊಂಡ ಬೀರು ಉಸಿರುಗಟ್ಟಿ ಒದರಿದ.

ಶ್ರಾವಣದಲ್ಲಿ ಕಾಗದ ಬಂತು. ಬೀರುವಿನ ತರಬೇತಿಯನ್ನು ಚಿಕಿತ್ಸೆಯೆಂದೇ ಎಣಿಸಲಾಗಿದೆ, ಕಾರ್ಡಿನಲ್ಲಿ ನಡೆಯುತ್ತದೆ, ಅಲ್ಲೇ ಸಮೀಪ ಇರಲು ಒಂದು ಕೋಣೆಯೂ ಉಂಟು. ಮಾಸ್ತರರು ಎದ್ದುನಿಂತು ಓದಿದರು. ಆಯಿ ಬೀರಪ್ಪನ ಗುಡಿಗೆ ಕಾಯಿ ಒಡೆಸಿ, ಓಣಿಗೆಲ್ಲ ಸಕ್ಕರೆ ಹಂಚಿದಳು. ಕೋಣೆ ಯಾರಿಗೆ ಎಂದು ನಾನು ಕೇಳಿದೆ. ತಾಯಿ ಮತ್ತು ಮಗನಿಗೆ ಎಂದರು ಮಾಸ್ತರರು. ಬೇಡಿದ್ದನ್ನೇ ಕೊಟ್ಟಿದ್ದರು. ಆ ಸಾಲನ್ನು ಹನ್ನೊಂದು ಸಲ ನನ್ನ ಕೈಯಾರೆ ಬರೆದಿದ್ದೆ. ಒಂದು ಸಲವೂ ನಾನೆಲ್ಲಿ ಎಂದು ನನಗೆ ಹೊಳೆದಿರಲಿಲ್ಲ.

ಅಪ್ಪ ಫೋನಿನಲ್ಲಿ, “ಸವಿತಾ ಶ್ಯಾಣ್ಯಾಕಿ. ಕನ್ನಡ ಸಾಲಿ ಬಿಡಸೂದು ಬ್ಯಾಡ, ವಿದ್ಯಾಗಿರ್ಯಾಗ ಹಾಸ್ಟೆಲಿಗೆ ಹಾಕೂಣು. ಒಂದ ವರ್ಷದ ಮಾತು,” ಎಂದ. ಒಂದು ವರ್ಷ ಹತ್ತು ವರ್ಷವಾಯಿತು. ಅವರು ಹೊರಟ ದಿನ ಬೀರು ಅವ್ವನ ಹೆಗಲ ಮೇಲಿಂದ ನನ್ನ ಕಡೆ ನೋಡಿ ಒಂದು ಸದ್ದು ಮಾಡಿದ. ಅವ್ವ ತಿರುಗಿ, ಏನಂತಾನ, ಎಂದು ಕೇಳಿದಳು. ನೀನೂ ಬಸ್ ಹತ್ತು ಅಂತಾನ ಎಂದು ಹೇಳಲಿಲ್ಲ. ನೀರಂತ, ಅಂದೆ.

ಹಾಸ್ಟೆಲಿನಲ್ಲಿ ಭಾನುವಾರ ಫೋನಿಗೆ ಸಾಲು ಹಚ್ಚುತ್ತಿದ್ದೆವು. ಅವ್ವ ಆರಾಮ ಅದಿ ಎಂದು ಕೇಳುತ್ತಿದ್ದಳು, ಅದೇನಿ ಅನ್ನುತ್ತಿದ್ದೆ. ಇನ್ನೊಂದು ಉತ್ತರ ಕೊಟ್ಟರೆ ಏನಾಗುತ್ತದೆಂದು ಕಂಡಿದ್ದೆ. ನನಗಾಗಿ ಅವಳು ಎಲ್ಲವನ್ನೂ ಬಿಟ್ಟು ಬಂದರೆ ಬೀರುವಿನ ಕಾಲು ನಿಲ್ಲುತ್ತಿರಲಿಲ್ಲ. ಎಲ್ಲರೂ ಮಲಗುವ ಹೊತ್ತಿನ ಪ್ರಾರ್ಥನೆಯಲ್ಲೂ ಸುಮ್ಮನೆ ತುಟಿ ಅಲ್ಲಾಡಿಸುತ್ತಿದ್ದೆ, ದೇವರಿಗೂ ಏನೂ ಹೇಳುತ್ತಿರಲಿಲ್ಲ.

ಅಲ್ಲಿ ಮಾತು ಕಲಿಸುವ ಶಿಕ್ಷಕಿಯವರು ಅವ್ವನಿಗೆ ಒಂದು ಕಟ್ಟಪ್ಪಣೆ ಮಾಡಿದ್ದರಂತೆ: ಈ ಹುಡುಗನ ಕಿವಿಗೆ ಒಂದೇ ಭಾಷೆ ಬೀಳಬೇಕು, ಎರಡಾದರೆ ಒಂದೂ ಬಾರದು. ಅವರು ಕಲಿಸುತ್ತಿದ್ದುದು ಹಿಂದಿ. ಅವ್ವ ಕನ್ನಡವನ್ನು ನುಂಗಿಕೊಂಡು, ತನ್ನ ಮುರುಕು ಹಿಂದಿಯಲ್ಲೇ ಮಗನನ್ನು ಬೆಳೆಸಿದಳು. ಒಂದು ಭಾನುವಾರ, ಕೇಳು ಸವಿತಾ, ಎಂದು ಫೋನನ್ನು ಅವನ ಬಾಯಿಗೆ ಹಿಡಿದಳು. ಸ್ಪಷ್ಟವಾದ ಇಡೀ ವಾಕ್ಯ. ನನಗೆ ಒಂದು ಶಬ್ದವೂ ತಿಳಿಯಲಿಲ್ಲ. ಹಿಂದೆ ಸಾಲಿನಲ್ಲಿದ್ದ ಹುಡುಗಿ ಬೇಗ ಮುಗಿಸು ಎಂದಳು.

ಈಗ ನಾನು ಇಳಕಲ್ಲಿನಲ್ಲಿ ಶಿಕ್ಷಕಿ. ಅಪ್ಪ ನಿವೃತ್ತನಾಗಿ ಬೀರುವಿಗೋಸ್ಕರ ಉತ್ತರದ ಆ ಊರಿನಲ್ಲೇ ನೆಲೆಸಿದ. ಬೀರು ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಕಳೆದ ದೀಪಾವಳಿಗೆ ಊರಿಗೆ ಬಂದಾಗ ಯಾರ ಕೈಯೂ ಹಿಡಿಯದೆ, ಕೋಲೂರಿ ಬಸ್ಸಿನಿಂದ ಇಳಿದ. ಎಂಟರೊಳಗೆ ಆಗಬೇಕಾದ್ದು ಆಗಿತ್ತು. ಯಾರೇ ನೋಡಿದರೂ ನಾವು ಗೆದ್ದೆವು ಎನ್ನುತ್ತಾರೆ, ನಾನೂ ಅನ್ನುತ್ತೇನೆ. ಆ ಬೇಸಿಗೆ ಮತ್ತೆ ಬಂದರೆ ಮತ್ತೆ ವೇದಿಕೆ ಹತ್ತುತ್ತೇನೆ.

ಆದರೆ ಮನೆಗೆ ಬಂದು ಕಟ್ಟೆಯ ಮೇಲೆ ಕೂತು ಅವನು ನನ್ನನ್ನು ನೋಡಿ ಏನೋ ಛೇಡಿಸಿದ. ಅವ್ವ ಬಿದ್ದು ಬಿದ್ದು ನಕ್ಕಳು, ನಗು ನಿಂತ ಮೇಲೆ ನನಗೆ ಅರ್ಥ ಹೇಳಿದಳು. ಅರ್ಥ ಹೇಳಿಸಿಕೊಂಡ ಮೇಲೆ ನಗು ಬರುವುದಿಲ್ಲ. ಶಾಲೆಯ ಹಿಂದಿ ಪರೀಕ್ಷೆಗಷ್ಟೇ ಆಯಿತು, ಎರಡು ವರ್ಷದಿಂದ ಮಾತಾಡುವ ಹಿಂದಿ ಕಲಿಯುತ್ತಿದ್ದೇನೆ. ಊಟಕ್ಕೆ ಕರೆಯುವಷ್ಟು ಬರುತ್ತದೆ, ಕಾಲು ನೋವು ಹೇಗಿದೆ ಎಂದು ಕೇಳುವಷ್ಟು ಬರುತ್ತದೆ. ನನ್ನ ತಮ್ಮನ ಜೊತೆ ಜಗಳ ಆಡುವಷ್ಟು ಇನ್ನೂ ಬಂದಿಲ್ಲ.